ಹೆಡ್‌ಸೆಟ್ ಇಲ್ಲದೆ 12 ಅಡಿಯಿಂದ ಕನ್ನಡ ಡಿಕ್ಟೇಶನ್: ನನ್ನ ಅನುಭವ

ಟೈಲ್ಸ್ ಹಾಕಿದ ಹಾಲ್‌ನಲ್ಲಿ ಮೈಕಿನಿಂದ ಹನ್ನೆರಡು ಅಡಿ ದೂರ ಕೂತು ಕನ್ನಡ ಡಿಕ್ಟೇಶನ್, ಅಂದರೆ ಮಾತಾಡಿ ಕಂಪ್ಯೂಟರಿಂದ ಬರೆಸೋದು, ಆಗದ ಮಾತು ಅಂತ ಬಲ್ಲವರೇ ಹೇಳಿದ್ದರು. ಈಗ ಆಗುತ್ತಿದೆ. ಸುಮಾರು 200 ಪದಗಳ ಒಂದೇ ಪಠ್ಯ ಓದಿದರೆ ಮೂವತ್ತರ ಆಸುಪಾಸು ತಪ್ಪು. ಬಾಯಿಗೆ ತಾಗುವ ಹೆಡ್‌ಸೆಟ್‌ನಲ್ಲೇ ಇಪ್ಪತ್ತೆರಡೋ ಇಪ್ಪತ್ತಮೂರೋ ಬೀಳುತ್ತವೆ. ಬಳಸಿದ್ದು ಕನ್ನಡಕ್ಕೆ ಪಳಗಿಸಿದ ವಿಸ್ಪರ್ ಮೀಡಿಯಂ, ಮಾತನ್ನು ಬರಹವಾಗಿಸುವ ಎಐ ಮಾಡೆಲ್.

ಮೊದಲು ದಂಡವಾದ ದುಡ್ಡು. ಎದುರಿನ ಧ್ವನಿಯನ್ನೇ ಹೆಚ್ಚು ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕಿಗೆ ಏಳು ಸಾವಿರ ಹೋಯಿತು. ಬಯಲಲ್ಲಿ ಅದು ಒಳ್ಳೆಯ ಮೈಕ್. ನಾಲ್ಕು ಗೋಡೆ ಮಧ್ಯೆ ಮಾತ್ರ ಪ್ರತಿಧ್ವನಿ ಎದುರಿನ ಗೋಡೆಯಿಂದಲೂ ಬರುತ್ತದೆ, ಮಾತಿನ ಜೊತೆ ಅದೂ ಒಳಗೆ ಹೋಗುತ್ತದೆ. ಆಮೇಲೆ ಕಾನ್ಫರೆನ್ಸ್ ಸ್ಪೀಕರ್‌ಫೋನ್, ಮೂರೂವರೆ ಸಾವಿರ. ಅದರ ನಾಯ್ಸ್ ಕಡಿತ ಕಿವಿಗೆ ಹಿತ, ಆದರೆ ಪದದ ಬಾಲವನ್ನೇ ತಿಂದುಹಾಕುತ್ತಿತ್ತು. ಬಂದನು, ಬಂದಳು ಎರಡೂ ‘ಬಂದ’ ಆದರೆ ಕನ್ನಡದಲ್ಲಿ ಉಳಿಯುವುದೇನು?

ಕೈಹಿಡಿದದ್ದು ರೆಸ್ಪೀಕರ್ ಯುಎಸ್‌ಬಿ ಅರೇ 2.0, ನಾಲ್ಕು ಮೈಕುಗಳನ್ನು ಒಂದೇ ಬೋರ್ಡಿನಲ್ಲಿ ಜೋಡಿಸಿದ ಸಾಧನ, ಎಂಟು ಸಾವಿರದ ಹತ್ತಿರ. ಅದರೊಳಗೆ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಆರು ಚಾನೆಲ್‌ನದ್ದನ್ನೇ ಹಾಕಿಕೊಳ್ಳಿ. ಚಾನೆಲ್ 0ರಲ್ಲಿ ಚಿಪ್ ಸಂಸ್ಕರಿಸಿದ ಧ್ವನಿ, 1ರಿಂದ 4ರಲ್ಲಿ ಮೈಕುಗಳ ಹಸಿ ಧ್ವನಿ. ಇವನ್ನೆಲ್ಲ 16 ಕಿಲೋಹರ್ಟ್ಸ್‌ನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಿದರೆ ಒಂದೇ ಉಚ್ಚಾರಣೆ ಎರಡು ರೂಪದಲ್ಲಿ ಸಿಗುತ್ತದೆ. ಎರಡು ಸಲ ಓದಿ ಹೋಲಿಸಿದ ಲೆಕ್ಕವನ್ನು ನಾನು ನಂಬುವುದಿಲ್ಲ, ಎರಡನೇ ಓದು ಯಾವಾಗಲೂ ಸ್ಪಷ್ಟವಾಗಿರುತ್ತದೆ. 12 ಅಡಿಯಲ್ಲಿ ಹಸಿ ಚಾನೆಲ್‌ಗೆ ತೊಂಬತ್ತು ದಾಟಿ ತಪ್ಪು, ಚಾನೆಲ್ 0ಕ್ಕೆ ಐವತ್ತು.

ಆ ಐವತ್ತನ್ನು ಒಂದೊಂದಾಗಿ ನೋಡಿದಾಗ ರೋಗ ಗೊತ್ತಾಯಿತು. ‘ಕತ್ತೆ’ ಎಂದು ಓದಿದರೆ ‘ಕತೆ’ ಎಂದು ಬರೆಯುತ್ತಿತ್ತು, ‘ಬಳೆ’ ಎಂದು ಓದಿದರೆ ‘ಬಾಳೆ’. ‘ತ್ತ’ದಂಥ ಒತ್ತಕ್ಷರ ಎಂದರೆ ನಡುವಿನ ಒಂದು ಕ್ಷಣದ ಮೌನ. ಹಿಂದಿನ ಸ್ವರದ ಪ್ರತಿಧ್ವನಿ ಅಲ್ಲಿ ನುಗ್ಗಿದರೆ ಒತ್ತು ಮಾಯ, ಹ್ರಸ್ವವೂ ದೀರ್ಘವಾಗಿ ಕೇಳುತ್ತದೆ. ಇದಕ್ಕೆ ಗೇನ್, ಅಂದರೆ ಮೈಕಿನ ಧ್ವನಿಯ ಮಟ್ಟ, ಏರಿಸಿ ಉಪಯೋಗವಿಲ್ಲ, ಮಾತು ಏರಿದಷ್ಟೇ ಪ್ರತಿಧ್ವನಿಯೂ ಏರುತ್ತದೆ. ಅರೇಯನ್ನು ಗೋಡೆಯಿಂದ ಮೂರು ಅಡಿ ಮುಂದೆ ತಂದು, ಕೂತವರ ಬಾಯಿಯ ಎತ್ತರಕ್ಕೆ ಇಟ್ಟೆ. ನೆಲಕ್ಕೆ ಜಮಖಾನ, ಎದುರು ಗೋಡೆಗೆ ಹಳೆಯ ರಜಾಯಿ. ಅಷ್ಟಕ್ಕೇ ತಪ್ಪು ಮೂವತ್ತೆಂಟಕ್ಕೆ ಇಳಿಯಿತು. ಅರೇ ಕೆಳಗೆ ಏನಿಟ್ಟಿದ್ದೇನೆ, ಎಷ್ಟು ಓರೆ ಮಾಡಿದ್ದೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದರಿಂದಲೂ ನಾಲ್ಕೈದು ಕಡಿಮೆಯಾಯಿತು.

ಉಳಿದ ಇಳಿಕೆ ಎಜಿಸಿ, ಅಂದರೆ ಗೇನನ್ನು ತಾನಾಗಿಯೇ ಏರಿಳಿಸುವ ವ್ಯವಸ್ಥೆ, ಆಫ್ ಮಾಡಿದ್ದರಿಂದ. ಮಾತು ನಿಂತ ಕೂಡಲೇ ಅದು ಗೇನ್ ಎತ್ತಿ ಫ್ಯಾನಿನ ಸದ್ದನ್ನು ಮುಂದೆ ತರುತ್ತದೆ, ವಿಸ್ಪರ್ ಆ ಸದ್ದಿನಲ್ಲಿ ಯಾರೂ ಆಡದ ವಾಕ್ಯ ಬರೆಯುತ್ತದೆ. ಅರೇಯ ಸೆಟ್ಟಿಂಗ್ ಬದಲಿಸುವ ಟ್ಯೂನಿಂಗ್ ಸ್ಕ್ರಿಪ್ಟ್‌ನಲ್ಲಿ ಎಜಿಸಿ ಆಫ್ ಮಾಡಿ ಗೇನನ್ನು ಒಂದೇ ಅಂಕಿಗೆ ಕಟ್ಟಿಹಾಕಿ. ಯುಎಸ್‌ಬಿ ಕಿತ್ತು ಹಾಕಿದರೆ ಈ ಸೆಟ್ಟಿಂಗ್ ಹೋಗುತ್ತದೆ, ಬೂಟ್ ಆಗುವಾಗಲೇ ಓಡುವಂತೆ ಸೇರಿಸಿಡಿ. ಮುಂದೆ ಮಾತು ಎಲ್ಲಿದೆ ಎಂದು ಗುರುತಿಸುವ ಸಿಲೆರೊ ವಿಎಡಿ ಎಂಬ ತಂತ್ರಾಂಶ ಇಟ್ಟು, ಮಾತಿರುವ ತುಂಡನ್ನಷ್ಟೇ ಮಾಡೆಲ್‌ಗೆ ಕೊಡಿ.

ನಡುವೆ ಹಾಡು ಹಾಕಿಕೊಂಡು ಮಾತಾಡಿಯೂ ನೋಡಿದೆ. ಸ್ಪೀಕರನ್ನು ಅರೇಯದೇ 3.5 ಎಂಎಂ ಜ್ಯಾಕಿಗೆ ಸಿಕ್ಕಿಸಿದರೆ ಎಕೋ ಕ್ಯಾನ್ಸಲೇಶನ್, ಅಂದರೆ ಮೈಕಿಗೆ ಬಿದ್ದ ಸ್ಪೀಕರಿನ ಸದ್ದನ್ನು ಕಳೆಯುವುದು, ಚೆನ್ನಾಗಿ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನ ಜ್ಯಾಕಿಗೆ ಹಾಕಿದರೆ ಏನನ್ನು ಕಳೆಯಬೇಕೆಂದು ಚಿಪ್‌ಗೆ ತಿಳಿಯುವುದೇ ಇಲ್ಲ. ಟಿವಿಯದ್ದೂ ಇದೇ ಕತೆ, ಅದನ್ನು ಮ್ಯೂಟ್ ಮಾಡಲೇಬೇಕು. ಮಿಕ್ಸಿ ತಿರುಗುವಾಗ 12 ಅಡಿಯಿಂದ ಏನೂ ದಕ್ಕಲಿಲ್ಲ. ಮೂರು ಅಡಿಗೆ ಬಂದಾಗ ಅರ್ಧದಷ್ಟು ಪದಗಳು ಸಿಕ್ಕವು.