ಕಿಡ್ನಿ ಕಾಯಿಲೆ ಇರುವ ಹೊಸಬರಿಗೆ: ಈ ದಾರಿಯಲ್ಲಿ ಮೊದಲೇ ನಡೆದವರನ್ನು ಹುಡುಕಿಕೊಳ್ಳಿ

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಒಬ್ಬರಿಗೆ ಕಿಡ್ನಿ ಕಾಯಿಲೆ ಜೋರಾಗಿದೆ. ಡಯಾಲಿಸಿಸ್ ನಡೆಯುತ್ತಿರಬಹುದು, ಇನ್ನೇನು ಶುರು ಮಾಡಬೇಕು ಅಂತ ಡಾಕ್ಟರ್ ಹೇಳಿರಬಹುದು, ಅಥವಾ ಊರಲ್ಲೇ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡು ಮಾತ್ರೆ ಡಬ್ಬಿ ಹಿಡಿದು ವಿಮಾನ ಹತ್ತಿರಬಹುದು. ಯಾರೇ ಆಗಲಿ, ನಮ್ಮ ಕನ್ನಡ ಸಂಘದ ಕಿಡ್ನಿ ಕೂಟದಿಂದ, ಅಂದರೆ ಈ ಕಾಯಿಲೆ ಇರುವವರೂ ಅವರನ್ನು ನೋಡಿಕೊಳ್ಳುವವರೂ ಸೇರುವ ಗುಂಪಿನಿಂದ, ಹೇಳುವ ಮಾತು ಒಂದೇ. ಒಳ್ಳೆಯ ಡಾಕ್ಟರನ್ನು ಹುಡುಕುವಷ್ಟೇ ಮುತುವರ್ಜಿಯಿಂದ, ಇದೇ ಕಾಯಿಲೆ ಇಟ್ಟುಕೊಂಡು ಇಲ್ಲಿ ಬದುಕುತ್ತಿರುವ ಒಬ್ಬರನ್ನು ಹುಡುಕಿಕೊಳ್ಳಿ.

ನಮ್ಮವರು ಇದನ್ನು ಮುಚ್ಚಿಡುತ್ತಾರೆ. ಯುಗಾದಿ ಊಟಕ್ಕೆ ಕರೆದರೆ "ಅವತ್ತು ಬೇರೆ ಕೆಲಸ ಇದೆ" ಅಂತಾರೆ, ಶನಿವಾರ ಡಯಾಲಿಸಿಸ್ ಇದೆ ಅಂತ ಬಾಯಿಬಿಡುವುದಿಲ್ಲ. ಮಗಳ ಮದುವೆ ಮಾತುಕತೆಗೆ ಅಡ್ಡಿ ಆದೀತು, ಆಫೀಸಿನಲ್ಲಿ ಗೊತ್ತಾದರೆ ಕೆಲಸ ಹೋದೀತು, ಕೆಲಸ ಹೋದರೆ ವೀಸಾ ಹೋದೀತು, ಊರಲ್ಲಿ ಅಮ್ಮ ಗಾಬರಿ ಬಿದ್ದಾರು, ಹೀಗೆ ಒಂದರ ಹಿಂದೆ ಒಂದು ಹೆದರಿಕೆ. ಸುಮ್ನೆ ಹೆದರುತ್ತೀರಿ ಅಂತ ನಾವು ಹೇಳುವುದಿಲ್ಲ. ಆದರೆ ಮುಚ್ಚಿಟ್ಟ ಮನೆಯಲ್ಲಿ ಗಂಡನೋ ಹೆಂಡತಿಯೋ ಒಬ್ಬರೇ ಎಲ್ಲವನ್ನೂ ಹೊರುತ್ತಾರೆ: ಕಾರು ಓಡಿಸುವುದು, ಇನ್ಶೂರೆನ್ಸ್‌ನವರ ಜೊತೆ ಫೋನು, ಅಡುಗೆ, ಮಕ್ಕಳು. ಊರಲ್ಲಾಗಿದ್ದರೆ ಅಕ್ಕ, ಭಾವ, ಎದುರು ಮನೆಯವರು ಹಂಚಿಕೊಳ್ಳುತ್ತಿದ್ದ ಕೆಲಸ ಇದು. ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬರಿಗೆ ಹೇಳಿ, ಸಾಕು.

ಡಾಕ್ಟರ್ ಹತ್ತಿರ ಕೇಳಲಾಗದ್ದು

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಡಯಾಲಿಸಿಸ್ ಮುಗಿದ ಮೇಲೆ ಆ ದಿನ ಎಷ್ಟು ಉಳಿಯುತ್ತದೆ ಅನ್ನುವುದನ್ನು ಮಾತ್ರ ಅನುಭವಿಸಿದವರೇ ಹೇಳಬೇಕು. ಸೆಂಟರಿಗೆ ಹೋಗಿ ಮಾಡಿಸುವುದಾದರೆ ಸಾಮಾನ್ಯವಾಗಿ ವಾರಕ್ಕೆ 3 ದಿನ, ಪ್ರತಿ ಸಲ ಸುಮಾರು 4 ಗಂಟೆ. ಅಲ್ಲಿ ಚಳಿ ಆಗುತ್ತದೆ, ಶಾಲು ತಗೊಂಡು ಹೋಗಿ. ಮನೆಗೆ ಬಂದ ಮೇಲೆ ಮೈಯೆಲ್ಲ ಹಿಂಡಿದ ಹಾಗೆ ಸುಸ್ತು, ಅವತ್ತು ಸಂಜೆ ನೆಂಟರನ್ನು ಕರೆಯಬೇಡಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವ ಕೈಗೆ ಬಿಗಿಯಾದ ಬಳೆ, ವಾಚು ಬೇಡ, ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ದಿನಾ ಬೆಳಗ್ಗೆ ಅಲ್ಲಿ ಬೆರಳಿಟ್ಟು ಝುಮ್ ಅನ್ನುತ್ತಿದೆಯಾ ನೋಡಿ, ಇಲ್ಲದಿದ್ದರೆ ಕೂಡಲೇ ಫೋನ್ ಮಾಡಿ. ನರ್ಸ್ ಇದನ್ನೆಲ್ಲ ಒಮ್ಮೆ ಹೇಳಿಯೇ ಇರುತ್ತಾರೆ. ಆದರೆ ಗಾಬರಿಯಲ್ಲಿ ಕೂತವರ ಕಿವಿಗೆ ಅದು ಬೀಳಬೇಕಲ್ಲ.

ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬಹುದು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹೊಟ್ಟೆಗೆ ಒಂದು ಕೊಳವೆ ಹಾಕಿ, ರಾತ್ರಿ ಮಲಗಿದ್ದಾಗ ಯಂತ್ರದ ಮೂಲಕ ದ್ರವ ಒಳಗೆ ಬಿಟ್ಟು ಹೊರಗೆ ತೆಗೆಯುವ ವಿಧಾನಕ್ಕೆ ಪೆರಿಟೋನಿಯಲ್ ಡಯಾಲಿಸಿಸ್ ಅನ್ನುತ್ತಾರೆ, ಅದು ಎಲ್ಲರಿಗೂ ಆಗುವುದಿಲ್ಲ, ಆದರೆ ಆಗುವವರಿಗೆ ಹಗಲು ಹೊತ್ತಿನ ಕೆಲಸ ಉಳಿಯುತ್ತದೆ. ಕೊಳವೆಯ ಜಾಗವನ್ನು ತುಂಬಾ ಶುಚಿಯಾಗಿ ಇಟ್ಟುಕೊಳ್ಳಬೇಕು. ದ್ರವದ ಪೆಟ್ಟಿಗೆಗಳು ರಾಶಿಯಾಗಿ ಬರುತ್ತವೆ, ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿ ಇಡುವುದು ಅಂತ ಮೊದಲೇ ಯೋಚಿಸಿ. ಮಾಡಿಕೊಳ್ಳುತ್ತಿರುವವರ ಮನೆಗೆ ಒಮ್ಮೆ ಹೋಗಿ ನೋಡಿ ಬಂದರೆ ಅರ್ಧ ಭಯ ಹೋಗುತ್ತದೆ.

ನಮ್ಮ ಅಡುಗೆಮನೆ

ನನ್ನ ಪ್ರಕಾರ ಕನ್ನಡದವರದೇ ಒಂದು ಗುಂಪು ಬೇಕು ಅನ್ನಿಸುವುದು ಜಾಸ್ತಿ ಇಲ್ಲೇ. ಡಯಟೀಶಿಯನ್ ಕೊಡುವ ಪಟ್ಟಿಯಲ್ಲಿ ಆಲೂಗಡ್ಡೆ, ಕಿತ್ತಳೆ ರಸ, ಚೀಸ್ ಇರುತ್ತದೆ. ಬಿಸಿಬೇಳೆಬಾತ್ ಇರುವುದಿಲ್ಲ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಜಾಸ್ತಿಯಾಗುವ ಪೊಟ್ಯಾಸಿಯಮ್ ಅನ್ನುವ ಲವಣ ಕಡಿಮೆ ಮಾಡಲು ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಅಂತಾರೆ. ನಮ್ಮ ಬಸ್ಸಾರು ಆಗುವುದೇ ಆ ಬಸಿದ ನೀರಿನಲ್ಲಿ, ಅಲ್ವಾ? ಪಲ್ಯ ತಿಂದು ಸಾರು ಬಿಟ್ಟವರಿಗೂ, ಸಾರು ಸುರಿದುಕೊಂಡು ಉಂಡವರಿಗೂ ರಕ್ತ ಪರೀಕ್ಷೆಯಲ್ಲಿ ವ್ಯತ್ಯಾಸ ಬರಬಹುದು. ಇದನ್ನು ಇಲ್ಲಿನ ಡಯಟೀಶಿಯನ್ ತಾನಾಗಿ ಕೇಳಲು ಸಾಧ್ಯವಿಲ್ಲ, ನೀವೇ ಹೇಳಬೇಕು. ಒಂದು ವಾರ ತಿಂದದ್ದನ್ನೆಲ್ಲ ಬರೆದು, ಹೇಗೆ ಮಾಡುತ್ತೀರಿ ಅಂತ ಸೇರಿಸಿ, ತಗೊಂಡು ಹೋಗಿ. ಗುಂಪಿನಲ್ಲಿ ಈಗಾಗಲೇ ಹಾಗೆ ಮಾಡಿಸಿಕೊಂಡವರಿದ್ದರೆ ಎಲ್ಲಿಂದ ಶುರು ಮಾಡುವುದು ಅಂತ ಹೇಳಿಕೊಡುತ್ತಾರೆ, ಆದರೆ ಅವರ ಪಟ್ಟಿ ನಿಮ್ಮದಲ್ಲ. ಒಬ್ಬರಿಗೆ ಬೇಡ ಅಂದದ್ದು ಇನ್ನೊಬ್ಬರಿಗೆ ಬೇಕಾಗಬಹುದು.

ನೀರು ಅಳೆದು ಕುಡಿಯಿರಿ ಅಂತ ಹೇಳಿದ್ದರೆ ಸಾರು, ಮಜ್ಜಿಗೆ, ಕಾಫಿ, ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಎಳನೀರು ತಂಪು ಅಂತ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಮ್ ಜಾಸ್ತಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಮ್ ಕ್ಲೋರೈಡ್ ಇರುತ್ತದೆ, ಬಿಪಿಗೆ ಒಳ್ಳೆಯದು ಅಂತ ಕೊಂಡು ತಂದು ತೊಂದರೆಗೆ ಸಿಕ್ಕಿಕೊಳ್ಳಬೇಡಿ. ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ: ಧಾರೆಹುಳಿ, ಇಲ್ಲಿನ ಅಂಗಡಿಯಲ್ಲಿ ಸ್ಟಾರ್ ಫ್ರೂಟ್ ಅಂತ ಸಿಗುವ ಹಣ್ಣು, ಕಿಡ್ನಿ ಕೆಟ್ಟವರಿಗೆ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಮನಸ್ಸು ಗೊಂದಲವಾಗಿ ಫಿಟ್ಸ್, ಸಾವಿನವರೆಗೂ ಹೋದ ಉದಾಹರಣೆಗಳನ್ನು ವೈದ್ಯರು ದಾಖಲಿಸಿದ್ದಾರೆ. ಒಂದು ಹೋಳೂ ಬೇಡ, ಉಪ್ಪಿನಕಾಯಿಯೂ ಬೇಡ. ಟ್ರಾನ್ಸ್‌ಪ್ಲಾಂಟ್ ಆಗಿ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲು ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ತಗೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನಬಾರದು, ಅದರ ಜಾತಿಯ ನಮ್ಮ ಚಕ್ಕೋತವನ್ನೂ. ರಜೆಗೆ ಹೋದಾಗ ದೇವನಹಳ್ಳಿ ಚಕ್ಕೋತ ಎದುರಿಗಿಟ್ಟರೆ ಬೇಡ ಅನ್ನಿ. ಊರಿಂದ ಬರುವ ಕಷಾಯದ ಪುಡಿ, ಹೆಸರಿಲ್ಲದ ಗುಳಿಗೆ, ಮಂಡಿ ನೋವಿಗೆ ಅಂತ ನುಂಗುವ ಐಬುಪ್ರೊಫೆನ್, ಯಾವುದನ್ನೂ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಎಲ್ಲಿ ಹುಡುಕುವುದು

ಮೊದಲು ನಿಮ್ಮ ಡಯಾಲಿಸಿಸ್ ಸೆಂಟರಿನಲ್ಲೇ. ಪ್ರತಿ ಸೆಂಟರಿನಲ್ಲೂ ಸೋಷಿಯಲ್ ವರ್ಕರ್ ಮತ್ತು ಡಯಟೀಶಿಯನ್ ಇರಲೇಬೇಕು ಅಂತ ಫೆಡರಲ್ ನಿಯಮ ಇದೆ. ಸೋಷಿಯಲ್ ವರ್ಕರ್ ಹತ್ತಿರ ಹೋಗಿ "ಇಲ್ಲಿ ಪೀರ್ ಮೆಂಟರ್, ಅಂದರೆ ಹೊಸಬರಿಗೆ ದಾರಿ ತೋರಿಸುವ ಹಳೆಯ ರೋಗಿ, ಇದ್ದಾರಾ, ಭಾರತದವರು ಯಾರಾದರೂ ಇದ್ದರೆ ಅವರನ್ನು ಕೇಳಿ ನನಗೆ ಪರಿಚಯ ಮಾಡಿಸುತ್ತೀರಾ?" ಅಂತ ಕೇಳಿ. ಅವರು ಇನ್ನೊಬ್ಬರ ಹೆಸರು ಹೇಳುವಂತಿಲ್ಲ, ಆದರೆ ಇಬ್ಬರೂ ಒಪ್ಪಿದರೆ ಸೇರಿಸಬಹುದು. ನ್ಯಾಷನಲ್ ಕಿಡ್ನಿ ಫೌಂಡೇಶನ್ನಿನ ಪೀರ್ಸ್ ಅನ್ನುವ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಹಳೆಯ ರೋಗಿಗಳು ಫೋನಿನಲ್ಲಿ ಹೊಸಬರ ಜೊತೆ ಮಾತಾಡುತ್ತಾರೆ, ನಂಬರ್ 855-653-7337. ಡಯಾಲಿಸಿಸ್, ಟ್ರಾನ್ಸ್‌ಪ್ಲಾಂಟ್, ದಾನ ಕೊಡುವ ಯೋಚನೆ, ಯಾವುದರ ಬಗ್ಗೆ ಮಾತಾಡಬೇಕು ಅಂತ ಹೇಳಿದರೆ ಅದಕ್ಕೆ ಹೊಂದುವವರನ್ನು ಹುಡುಕುತ್ತಾರೆ.

ಅಮೆರಿಕನ್ ಅಸೋಸಿಯೇಷನ್ ಆಫ್ ಕಿಡ್ನಿ ಪೇಷಂಟ್ಸ್ ಅನ್ನುವ ಸಂಘವನ್ನು ಕಟ್ಟಿದ್ದೇ ರೋಗಿಗಳು. 1969ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದ ಕೆಲವರು ಸೇರಿ ಶುರು ಮಾಡಿದರು. ಆಗ ದುಡ್ಡಿಲ್ಲದವರಿಗೆ ಡಯಾಲಿಸಿಸ್ ಸಿಗುತ್ತಿರಲಿಲ್ಲ, ಸಾಯುತ್ತಿದ್ದರು. 1971ರಲ್ಲಿ ಆ ಸಂಘದ ಶೆಪ್ ಗ್ಲೇಜರ್ ಸಂಸತ್ತಿನ ಸಮಿತಿಯ ಮುಂದೆ, ಅಲ್ಲೇ ಯಂತ್ರಕ್ಕೆ ಜೋಡಿಸಿಕೊಂಡು ಕೂತು ಮಾತಾಡಿದರು. ಮರುವರ್ಷ, 1972ರಲ್ಲಿ, ಕಿಡ್ನಿ ಪೂರ್ತಿ ಕೆಟ್ಟವರಿಗೆ ವಯಸ್ಸು ನೋಡದೆ ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ, ಕೊಡುವ ಕಾನೂನು ಬಂತು. ರೋಗಿಗಳು ಒಬ್ಬರಿಗೊಬ್ಬರು ಸೇರಿಕೊಂಡರೆ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಆಸ್ಪತ್ರೆಯಲ್ಲಿ ಕನ್ನಡ ಇಂಟರ್‌ಪ್ರಿಟರ್ ಕೇಳಿ. ಫೋನಿನ ಮೂಲಕ ಸಿಗುತ್ತಾರೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇದನ್ನು ಉಚಿತವಾಗಿ ಒದಗಿಸಬೇಕು. ಹನ್ನೆರಡು ವರ್ಷದ ಮೊಮ್ಮಗಳ ಕೈಲಿ "ತಾತನ ಕಿಡ್ನಿ ಹೋಯ್ತಂತೆ" ಅಂತ ಹೇಳಿಸಬೇಡಿ, ದಯವಿಟ್ಟು.

ವೀಸಾ, ವಿಮೆ

ಗುಂಪಿನಲ್ಲಿ ಎಲ್ಲರೂ ಮೊದಲು ಕೇಳುವುದು ಇದನ್ನೇ. ಮೇಲೆ ಹೇಳಿದ ಮೆಡಿಕೇರ್‌ಗೆ ನೀವೋ, ಗಂಡ ಅಥವಾ ಹೆಂಡತಿಯೋ ಸಾಕಷ್ಟು ಕಾಲ ಇಲ್ಲಿ ದುಡಿದು ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿರಬೇಕು. ಸೆಂಟರಿನಲ್ಲಿ ಡಯಾಲಿಸಿಸ್ ಆದರೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ ಶುರುವಾಗುತ್ತದೆ. ಹಳಬರು ಹೇಳುವ ಮಾತು ಇಲ್ಲಿ ಹಳತಾಗಿರಬಹುದು, ಎಚ್ಚರ: 2025ರ ಜುಲೈನ ಕಾನೂನಿನ ನಂತರ ಮೆಡಿಕೇರ್ ನಾಗರಿಕರಿಗೆ, ಗ್ರೀನ್‌ಕಾರ್ಡ್ ಇರುವವರಿಗೆ ಮತ್ತು ಇನ್ನು ಒಂದೆರಡು ವರ್ಗದವರಿಗೆ ಮಾತ್ರ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಂಪನಿಯ ವಿಮೆಯೇ ನಿಮ್ಮ ಆಧಾರ, ಕೆಲಸ ಬದಲಿಸುವಾಗ ವಿಮೆ ಒಂದು ದಿನವೂ ತಪ್ಪದ ಹಾಗೆ ನೋಡಿಕೊಳ್ಳಿ. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುವುದಾದರೆ ಪ್ರವಾಸದ ವಿಮೆ ಹಳೆಯ ಕಾಯಿಲೆಯ ದಿನನಿತ್ಯದ ಡಯಾಲಿಸಿಸ್‌ಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಟಿಕೆಟ್ ಕೊಳ್ಳುವ ಮುಂಚೆಯೇ ಸೆಂಟರ್ ಗೊತ್ತುಮಾಡಿ, ಬೆಲೆ ಬರೆಸಿಕೊಳ್ಳಿ.

ಟ್ರಾನ್ಸ್‌ಪ್ಲಾಂಟ್ ಪಟ್ಟಿಗೆ ಸೇರಲು ನಾಗರಿಕರೇ ಆಗಿರಬೇಕು ಅಂತ ನಿಯಮ ಇಲ್ಲ, ಆದರೆ ವಿಮೆ ಕೇಳುತ್ತಾರೆ. ನಮ್ಮವರಲ್ಲಿ ಬಿ ಗುಂಪಿನ ರಕ್ತ ಜಾಸ್ತಿ, ಇಲ್ಲಿ ಆ ಗುಂಪಿನ ದಾನಿಗಳು ಕಡಿಮೆ, ಕಾಯುವುದು ಉದ್ದ. ಊರಿಂದ ತಮ್ಮನೋ ಅಕ್ಕನೋ ಬಂದು ಕೊಡುವುದು ಸಾಧ್ಯ, ಆಸ್ಪತ್ರೆ ವೀಸಾಕ್ಕೆ ಪತ್ರ ಕೊಡುತ್ತದೆ. ಆದರೂ ಯಾರನ್ನೂ ಗುಂಪಿನಲ್ಲಿ ಕೂರಿಸಿ ಒತ್ತಾಯ ಮಾಡಬೇಡಿ, ಸೊಸೆಯರನ್ನಂತೂ ಖಂಡಿತ ಬೇಡ.

ನಮ್ಮ ಕೂಟದ ಕಟ್ಟುಪಾಡು

ಹೇಳಿದ್ದು ಹೊರಗೆ ಹೋಗಬಾರದು, ರಿಪೋರ್ಟಿನ ಫೋಟೋ ಯಾರಿಗೂ ಕಳಿಸಬಾರದು, ಮಾತ್ರೆಯ ಪ್ರಮಾಣ ಒಬ್ಬರು ಇನ್ನೊಬ್ಬರಿಗೆ ಹೇಳಬಾರದು. ದುಡ್ಡಿಗೆ ಕಿಡ್ನಿ ಕೊಡಿಸುತ್ತೇನೆ ಅಂತ ಯಾರಾದರೂ ಬಂದರೆ ತಕ್ಷಣ ತಿಳಿಸಿ. ಇಲ್ಲಿ 1984ರ, ಭಾರತದಲ್ಲಿ 1994ರ ಕಾನೂನಿನ ಪ್ರಕಾರ ಅದು ಅಪರಾಧ, ಎಷ್ಟೋ ಸಲ ಬರೀ ಮೋಸ. "ಕರ್ಮ", "ಹಣೆಬರಹ", "ಶುಗರ್ ನೋಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ" ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

ಕಷ್ಟದ ದಿನಗಳೂ ಬರುತ್ತವೆ. ಜೊತೆಯಲ್ಲಿ ಕಾಯುತ್ತಿದ್ದ ಒಬ್ಬರಿಗೆ ಕಿಡ್ನಿ ಸಿಕ್ಕಾಗ ಸಂತೋಷದ ಜೊತೆ ಸಂಕಟವೂ ಆಗುತ್ತದೆ. ಒಬ್ಬರು ತೀರಿಕೊಂಡಾಗ ಉಳಿದವರಿಗೆ ಮುಂದಿನದು ನನ್ನದೇ ಅನ್ನಿಸುತ್ತದೆ. ವಯಸ್ಸಾದವರು ಡಯಾಲಿಸಿಸ್ ಬೇಡ, ನೋವಿಲ್ಲದೆ ಇರುವಷ್ಟು ಔಷಧಿ ಸಾಕು ಅಂತ ತೀರ್ಮಾನ ಮಾಡುವುದೂ ಉಂಟು, ಅದಕ್ಕೆ ಮಕ್ಕಳು ಒಪ್ಪದೆ ಜಗಳ ಆಗುವುದೂ ಉಂಟು. ಇವನ್ನೆಲ್ಲ ಕೂಟದಲ್ಲಿ ಬಾಯಿಬಿಟ್ಟು ಮಾತಾಡಿ. ಬದುಕೇ ಬೇಡ ಅನ್ನಿಸಿದರೆ ಕೂಟದ ದಿನಕ್ಕೆ ಕಾಯಬೇಡಿ, ಇಂಥ ಹೊತ್ತಿಗೆಂದೇ ಇರುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ.

ನೋಡಿಕೊಳ್ಳುವವರಿಗೆ ಬೇರೆ ಕೂತು ಮಾತಾಡುವ ಸಮಯ ಇಟ್ಟಿದ್ದೇವೆ, ಏಕೆಂದರೆ ಗಂಡನ ಎದುರು ಹೆಂಡತಿ "ನನಗೆ ಸಾಕಾಗಿದೆ" ಅನ್ನುವುದಿಲ್ಲ. ಡಯಾಲಿಸಿಸ್ ದಿನ ನೋಡಿಕೊಂಡು ಫೋನಿನಲ್ಲೇ ಸೇರುತ್ತೇವೆ, ಮೊದಲ ಸಲ ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೇಳುತ್ತಾ ಕೂತರೂ ಆಗುತ್ತದೆ. ಸೇರಬೇಕು ಅಂದರೆ ಸಂಘದ ಸಮಿತಿಯಲ್ಲಿ ನಿಮಗೆ ಗೊತ್ತಿರುವ ಯಾರಿಗಾದರೂ "ಕಿಡ್ನಿ ಕೂಟದವರಿಗೆ ಫೋನ್ ಮಾಡಲು ಹೇಳಿ" ಅಂತ ಒಂದು ಮೆಸೇಜ್ ಹಾಕಿ. ಯಾರಿಗೆ ಕಾಯಿಲೆ, ಯಾವ ಹಂತ ಅಂತ ಅವರಿಗೆ ಹೇಳಬೇಕಾಗಿಲ್ಲ, ಅವರು ಕೇಳುವುದೂ ಇಲ್ಲ.