ಮೈಎಸ್‌ಕ್ಯೂಎಲ್‌ನಲ್ಲಿ ಕೆಟ್ಟುಹೋದ ಕನ್ನಡ-ಮಲಯಾಳಂ ಹೆಸರುಗಳನ್ನು ಸರಿಪಡಿಸಿದ್ದು

ಕಾಸರಗೋಡಿನ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶದಲ್ಲಿತ್ತು. ಹೊಸ ಸರ್ವರ್‌ಗೆ ಹೋದ ಮೇಲೆ ಹೆಸರುಗಳೆಲ್ಲ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತಿದ್ದವು.

ಫಾಂಟ್ ಬದಲಿಸಿ ಪ್ರಯೋಜನವಾಗಲಿಲ್ಲ. 'ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್' ಎಂಬ ಆದೇಶ ಕೊಟ್ಟರೆ ಇನ್ನೂ ಕೆಡುತ್ತದೆ: ಎರಡು ಸಲ ಎನ್‌ಕೋಡ್ (ಅಕ್ಷರ ಬೈಟ್‌ಗಳಾಗಿ ಬದಲಾಗುವುದು) ಆಗುತ್ತದೆ.

ಮೊದಲು ಬೈಟ್‌ಗಳನ್ನು ಹದಿನಾರರ ಅಂಕಿಗಳಲ್ಲಿ ತೋರಿಸುವ ಹೆಕ್ಸ್ ಫಂಕ್ಷನ್‌ನಿಂದ ಹೆಸರಿನ ಕಾಲಂ ನೋಡಿ. ಕನ್ನಡ ಅಕ್ಷರ ಇ0ಬಿ2 ಅಥವಾ ಇ0ಬಿ3ಯಿಂದ, ಮಲಯಾಳಂ ಇ0ಬಿ4 ಅಥವಾ ಇ0ಬಿ5ರಿಂದ ಶುರುವಾದರೆ ದತ್ತಾಂಶ ಸರಿಯಿದೆ, ಕಾಲಂನ ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರ ಸಂಕೇತ) ಹಣೆಪಟ್ಟಿ ಮಾತ್ರ ತಪ್ಪು. ಸಿ3ಎ0 ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ. ಬರೇ 3ಎಫ್ ಇದ್ದರೆ ಅದು ಪ್ರಶ್ನಾರ್ಥಕ ಚಿಹ್ನೆ; ಹಳೆಯ ಬ್ಯಾಕಪ್ ಬಿಟ್ಟು ದಾರಿಯಿಲ್ಲ.

ಹಣೆಪಟ್ಟಿ ಮಾತ್ರ ತಪ್ಪಿದ್ದರೆ ಸರಿಯಾದ ಕ್ರಮ: ಅಪ್ಲಿಕೇಶನ್ ನಿಲ್ಲಿಸಿ, ಬ್ಯಾಕಪ್ ತೆಗೆದು, 'ಆಲ್ಟರ್ ಟೇಬಲ್ ಮಾಡಿಫೈ'ಯಲ್ಲಿ ಪಠ್ಯದ ಬಗೆಯಾದ ವಾರ್‌ಚಾರ್(100) ಅನ್ನು ಬರೇ ಬೈಟ್‌ಗಳ ಬಗೆಯಾದ ವಾರ್‌ಬೈನರಿ(100) ಮಾಡಿ. ಆಮೇಲೆ ಅದನ್ನೇ ಯುಟಿಎಫ್8ಎಂಬಿ4ರ (ಎಲ್ಲ ಭಾಷೆಗಳಿಗೂ ಆಗುವ ಯೂನಿಕೋಡ್ ಸಂಕೇತ) ವಾರ್‌ಚಾರ್(100) ಮಾಡಿ. ನಡುವಿನ ಬೈನರಿ ಹಂತದಲ್ಲಿ ಬೈಟ್‌ಗಳು ಮುಟ್ಟದೆ ಉಳಿಯುತ್ತವೆ, ಗುಟ್ಟು ಅಷ್ಟೇ. ಕಾಲಂಗೆ 'ನಾಟ್ ನಲ್' (ಬೆಲೆ ಕೊಡದೆ ಬಿಡಬಾರದೆಂಬ ನಿಯಮ), ಡಿಫಾಲ್ಟ್ (ತಾನಾಗಿ ತುಂಬುವ ಬೆಲೆ) ಇದ್ದರೆ ಎರಡೂ ಸಲ ಮತ್ತೆ ಬರೆಯಲೇಬೇಕು, ಇಲ್ಲದಿದ್ದರೆ ಅವು ಹೋಗುತ್ತವೆ.

ಎರಡನೇ ಹಂತದಲ್ಲಿ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಬಂದರೆ ಉದ್ದದ ಹೆಸರು ಅಕ್ಷರದ ಮಧ್ಯೆ ತುಂಡಾಗಿರುವ ಸಾಧ್ಯತೆ ಹೆಚ್ಚು: ಕನ್ನಡ, ಮಲಯಾಳಂನ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಆ ಸಾಲಿನ ಹೆಸರಿನ ಕೊನೆಯಲ್ಲಿ ಅರೆಬರೆ ಉಳಿದ ಚಿಹ್ನೆಯ ಬೈಟ್‌ಗಳನ್ನು ಕತ್ತರಿಸಿ ಮುಂದುವರಿಸಿ. ಕೊನೆಗೆ ಅಪ್ಲಿಕೇಶನ್‌ನ ಕನೆಕ್ಷನ್ ಅನ್ನೂ ಯುಟಿಎಫ್8ಎಂಬಿ4ಕ್ಕೆ ಇಡಿ.