ಕೊರೆಯುವ ಚಳಿಯಲ್ಲಿ ದೂರದ ಓಟ: ಮೊದಲು ಎದುರುಗಾಳಿ, ಆಮೇಲೆ ಬೆನ್ನುಗಾಳಿ

ಕಡುಚಳಿಯಲ್ಲಿ ದೂರ ಓಡುವವರು ಮೊದಲರ್ಧವನ್ನು ಗಾಳಿಗೆ ಎದುರಾಗಿಯೂ ಹಿಂತಿರುಗುವ ಅರ್ಧವನ್ನು ಗಾಳಿಗೆ ಬೆನ್ನು ಕೊಟ್ಟೂ ಓಡುವಂತೆ ದಾರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹೊರಡುವಾಗ ಒಳ ಅಂಗಿ ಒಣಗಿರುತ್ತದೆ, ಕಾಲಲ್ಲಿ ಕಸುವಿರುತ್ತದೆ, ಆದ್ದರಿಂದ ಎದುರುಗಾಳಿಯನ್ನು ತಡೆದುಕೊಳ್ಳಬಹುದು. ಇದನ್ನೇ ಹಿಂದುಮುಂದು ಮಾಡಿದರೆ, ಬೆವರಿ ಮೈಗಂಟಿದ ಬಟ್ಟೆಯ ಮೇಲೆ ಗಾಳಿ ಬಡಿದು, ದಣಿವಿನಿಂದ ವೇಗ ತಗ್ಗಿದ ಹೊತ್ತಿನಲ್ಲೇ ದೇಹದ ಶಾಖ ಸೋರಿಹೋಗುತ್ತದೆ. ಉಷ್ಣಾಂಶ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಇದ್ದು ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 20ರ ಚಳಿಯಂತೆ ತಾಗುತ್ತದೆ. ಮೊದಲ ಹತ್ತು ನಿಮಿಷ ಕಣ್ಣಲ್ಲಿ ನೀರೂರಿ ರೆಪ್ಪೆಯ ಮೇಲೆ ಹಿಮದ ಹರಳು ಕಟ್ಟುವುದುಂಟು (ನನಗಂತೂ ಅದು ಇಂದಿಗೂ ರೂಢಿಯಾಗಿಲ್ಲ). ಹಿಂತಿರುಗುವಾಗ ಸೆಖೆಯೆನಿಸಿದರೆ ಜಾಕೆಟ್ಟಿನ ಜಿಪ್ಪನ್ನು ಸ್ವಲ್ಪ ಇಳಿಸಬೇಕೇ ಹೊರತು ಜಾಕೆಟ್ಟನ್ನೇ ತೆಗೆಯಬಾರದು. ಗಾಳಿಯ ದಿಕ್ಕು ನಡುವೆ ಬದಲಾದರೆ, ಅಥವಾ ಕಟ್ಟಡಗಳ ಸಂದಿಯಲ್ಲಿ ಗಾಳಿ ಸುಳಿಸುಳಿಯಾಗಿ ಬೀಸುತ್ತಿದ್ದರೆ, ಈ ಉಪಾಯ ಫಲಿಸದು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದ ಚಳಿ ಮೈನಸ್ 28ಕ್ಕಿಂತ ಕೆಳಗಿಳಿದ ದಿನ ತೆರೆದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದಾದ್ದರಿಂದ, ಅಂದು ಎಷ್ಟೇ ಬೇಸರವೆನಿಸಿದರೂ ಟ್ರೆಡ್‌ಮಿಲ್ಲೇ ಗತಿ.